ಬೆಡ್‌ಶೀಟಿಗೆ ಗಂಜಿ

ಮದುವೆಯಾದ ಮೂರನೇ ವಾರಕ್ಕೆ ಅತ್ತಿಗೆಯ ಬೆನ್ನಿನ ತುಂಬ ಕೆಂಪು ಗಂಧೆ ಎದ್ದಿತು. ಕಾರಣ ಕಂಬಳಿ. ನಮ್ಮ ಮನೆಯ ಹೊಸ ಜೋಡಿ ಮೊದಲ ವರ್ಷವೆಲ್ಲ ಓಬಜ್ಜಿ ಕೈಯಾರೆ ನೂಲು ತೆಗೆದು ನೇಯಿಸಿದ ಕಂಬಳಿಯ ಮೇಲೆಯೇ ಮಲಗಬೇಕು. ಅದನ್ನು ತೆಗೆಯುವ ಮಾತನ್ನು ಅಜ್ಜಿಯ ಮುಂದೆ ಯಾರೂ ಆಡುವುದಿಲ್ಲ. ಅತ್ತಿಗೆ ಚೈತ್ರಾ ಹೊಸದುರ್ಗ ಪೇಟೆಯವಳು. ಅವರೂ ನಮ್ಮವರೇ. ಆದರೆ ಅವರ ಮನೆಯಲ್ಲಿ ಕಂಬಳಿ ಇರುವುದು ದೇವರ ಕೋಣೆಯಲ್ಲಿ. ಅದರ ಮೇಲೆ ದೇವರನ್ನು ಕೂರಿಸುತ್ತಾರೆ. ದೇವರಿಗೆ ಗಂಧೆ ಎದ್ದ ಸುದ್ದಿ ಇಲ್ಲ.

ಕಂಬಳಿಯ ಮೇಲೆ ಹಳೆ ಸೀರೆ ಹಾಸಿದೆವು. ಸಂತೆಯ ಬೆಡ್‌ಶೀಟ್ ಹಾಸಿದೆವು. ಉಣ್ಣೆಯ ಕೂದಲು ಎರಡನ್ನೂ ದಾಟಿಕೊಂಡು ಮೇಲೆ ಬಂತು. ಆಷಾಢಕ್ಕೆ ಅತ್ತಿಗೆ ತವರಿಗೆ ಹೋದಳು. ಶ್ರಾವಣ ಹುಟ್ಟಿದರೂ ಅವಳು ಬರಲಿಲ್ಲ, ಅವಳ ದೊಡ್ಡಪ್ಪ ಕನಕರಾಜ್ ಅವರ ಫೋನ್ ಬಂತು. ಅತ್ತಿಗೆಯ ಗಂಡ, ನನ್ನ ಹನುಮೇಶಣ್ಣ, ಊಟಕ್ಕೆ ಕೂತಿದ್ದ. ಸ್ಪೀಕರ್ ಹಾಕಿದ.

"ಸೋಮವಾರ ಕರ್ಕಂಡು ಬರ್ತೀನಿ. ನನ್ ಕಣ್ಣೆದುರಿಗೆ ಮಲಗಿ ನೋಡ್ಲಿ. ಆತು ಅಂದ್ರೆ ಬಿಟ್ಟು ಬರ್ತೀನಿ. ಇಲ್ಲಾಂದ್ರೆ ಸಂಜೆ ಬಸ್ಸಿಗೆ ವಾಪಸ್. ಆಮೇಲೆ ಹಿರೇರು ಕುಂತು ಮಾತಾಡಾಣ."

ಹಿರಿಯರು ಕೂತು ಮಾತಾಡಿದ ಮದುವೆಗಳು ಏನಾದವೆಂದು ನಮ್ಮೂರು ತಾಳ್ಯದಲ್ಲಿ ಎಲ್ಲರಿಗೂ ಗೊತ್ತು. ಅಣ್ಣ ಅರ್ಧ ಮುದ್ದೆ ಬಿಟ್ಟು ಎದ್ದ. ಅವನು ಮುದ್ದೆ ಬಿಟ್ಟದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಮರುದಿನ ನನ್ನನ್ನು ಬೈಕಿನಲ್ಲಿ ಕೂರಿಸಿಕೊಂಡು ಚಿತ್ರದುರ್ಗಕ್ಕೆ ಹೋದ. ಅಪ್ಪ ಅವ್ವ ಕುರಿಗಳ ಜೊತೆ ದೂರದ ಅಡವಿಯಲ್ಲಿದ್ದರು. ಅಜ್ಜಿಯನ್ನು ಬಿಟ್ಟರೆ, ಬಟ್ಟೆ ಮುಟ್ಟಿ ನೋಡಲು ಮನೆಯ ಹೆಂಗಸೆಂದು ಉಳಿದವಳು ನಾನೇ. ಅಂಗಡಿಯಲ್ಲಿ ನಾನು ಮಾತಾಡುವುದಿಲ್ಲ. ಮುಟ್ಟುತ್ತೇನೆ.

"ಕೂದ್ಲು ದಾಟಬಾರ್ದು, ಅಂಥದ್ದು ಕೊಡ್ರಿ," ಎಂದ ಅಣ್ಣ.

"ಯಾರ್ ಕೂದ್ಲು?"

"ಕುರೀದು."

ಅಂಗಡಿಯವನು ಸ್ವಲ್ಪ ಹೊತ್ತು ಅಣ್ಣನನ್ನು ನೋಡಿ ಮೇಲಿನ ಗೂಡಿನಿಂದ ಒಂದು ಪ್ಯಾಕೆಟ್ ಇಳಿಸಿದ. "ಎಂಟ್ನೂರು ಥ್ರೆಡ್ ಕೌಂಟು. ಇಂಚಿಗೆ ಎಂಟ್ನೂರು ಎಳೆ. ಸೊಳ್ಳೆ ಮೂತಿನೂ ದಾಟಲ್ಲ."

"ಎಣಿಸಿ ನೋಡಿದ್ರಾ?"

"ಕಂಪ್ನಿಯೋರು ಎಣಿಸ್ಯಾರೆ ಬಿಡಪ್ಪ. ಅನುಮಾನ ಇದ್ರೆ ಕುಂತ್ಕ, ನೀನೂ ಎಣಿಸು. ನಾನು ಬಾಗ್ಲು ಹಾಕ್ಕಂಡು ಹೋಗ್ತೀನಿ."

ನಾನು ಮುಟ್ಟಿದೆ. ಕುರಿಮರಿಯ ಕಿವಿಯ ಒಳಗಿನ ಹಾಗೆ ಮೆತ್ತಗಿತ್ತು. ತಲೆಯಾಡಿಸಿದೆ. "ಹಾಸೋಕೆ ಮುಂಚೆ ತಣ್ಣೀರಾಗೆ ಒಂದ್ಸಾರಿ ಒಗಿಯಮ್ಮ. ಕಲ್ಲಿಗೆ ಬಡೀಬ್ಯಾಡ," ಎಂದು ಅಂಗಡಿಯವನು ನನಗೇ ಹೇಳಿದ.

ಭಾನುವಾರ ಬೆಳಗ್ಗೆ ಮಗುವನ್ನು ಮೀಯಿಸುವ ಹಾಗೆ ಒಗೆದು ಹಗ್ಗಕ್ಕೆ ಹಾಕಿ, ರಾಗಿ ಹೊತ್ತುಕೊಂಡು ಹಿಟ್ಟಿನ ಗಿರಣಿಗೆ ಹೋದೆ. ಕರೆಂಟ್ ಇರಲಿಲ್ಲ. ಕಾದೆ. ಸಂಜೆ ಬಂದು ನೋಡಿದರೆ ಬೆಡ್‌ಶೀಟ್ ಹಗ್ಗದ ಮೇಲೆ ಇರಲಿಲ್ಲ. ಗೋಡೆಗೆ ಒರಗಿಕೊಂಡು ತಾನಾಗಿಯೇ ನಿಂತಿತ್ತು.

"ಏನಜ್ಜಿ ಇದು?"

"ಗಂಜಿ ಹಾಕ್ದೆ ಕಣೆ."

ಒಲೆಯ ಮೇಲೆ ಹುಣಸೆ ಬೀಜದ ಗಂಜಿಯ ಪಾತ್ರೆ ಇನ್ನೂ ಬೆಚ್ಚಗಿತ್ತು. ಕಂಬಳಿ ಬಿಗಿಯಾಗಲೆಂದು ಸವರುವ ಗಂಜಿ ಅದು.

"ಎಂಟ್ನೂರು ಎಳೆ ಅಂತೀರಿ, ಒಂದ್ರಾಗೂ ಜೀವ ಇಲ್ಲ. ಹಿಡ್ಕಂಡ್ರೆ ಜಾರಿ ಜಾರಿ ಹೋಗ್ತೈತೆ. ಸೊಸೆಗೆ ಸತ್ತ ಬಟ್ಟೆ ಹಾಸ್ಯಾರೆ ಅಂತ ಬೀಗ್ರು ಆಡ್ಕಳಲ್ವ? ಈಗ ನೋಡು."

ಅಜ್ಜಿ ಬೆರಳಿನಿಂದ ತಟ್ಟಿದಳು. ತಗಡಿನ ಸದ್ದು ಬಂತು.

ಅಣ್ಣ ಬಂದು ನೋಡಿದ. ಗಂಜಿ ಬಿಡಿಸೋಣವೆಂದರೆ ಮೋಡ ಕಟ್ಟಿತ್ತು, ನಾಳೆಗೆ ಒಣಗುತ್ತಿರಲಿಲ್ಲ. ಜೊತೆಗೆ ಅಜ್ಜಿ ಅದರ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಕಾವಲು ಕೂತಿದ್ದಳು.

ಸೋಮವಾರ ಮಧ್ಯಾಹ್ನ ಕನಕರಾಜ್ ಅತ್ತಿಗೆಯನ್ನು ಕರೆದುಕೊಂಡು ಬಂದರು. ಅವಳ ಬ್ಯಾಗನ್ನು ಒಳಗೆ ತರಲಿಲ್ಲ, ಬಾಗಿಲಲ್ಲೇ ಇಟ್ಟರು. ಅತ್ತಿಗೆ ಅಣ್ಣನ ಇಳಿದುಹೋದ ಕೆನ್ನೆಯನ್ನು ಒಮ್ಮೆ ನೋಡಿ ಒಳಗೆ ಬಂದಳು. ಊಟ ಮುಗಿದದ್ದೇ ಅಜ್ಜಿ, "ಬರ್ರಿ ಬೀಗ್ರೆ, ಇಲ್ಲೇ ಕುಂತ್ಕಳ್ರಿ, ನೋಡ್ರಿ," ಎಂದು ಮಂಚದ ಎದುರಿಗೇ ಕುರ್ಚಿ ಎಳೆದಳು.

ಮಂಚದ ಮೇಲೆ ಕಂಬಳಿ, ಅದರ ಮೇಲೆ ಬೆಡ್‌ಶೀಟ್. ಅಂಚುಗಳು ಕೆಳಗೆ ಬಾಗಲು ಒಪ್ಪದೆ ರೆಕ್ಕೆಯ ಹಾಗೆ ಚಾಚಿಕೊಂಡಿದ್ದವು. ಅಣ್ಣ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ. ಅತ್ತಿಗೆ ಮೈ ಚಾಚಿದಳು. ಹಪ್ಪಳದ ಡಬ್ಬದ ಮೇಲೆ ಯಾರೋ ಕೂತ ಹಾಗೆ ಸದ್ದಾಯಿತು.

"ಏನದು?" ಎಂದರು ಕನಕರಾಜ್.

"ಹೊಸ ಬಟ್ಟೆ ಬೀಗ್ರೆ. ಹೊಸದು ಅಂದ್ಮೇಲೆ ಸದ್ದು ಮಾಡ್ಬೇಕು," ಎಂದಳು ಅಜ್ಜಿ.

"ಚುಚ್ತೈತೇನಮ್ಮ ಚೈತ್ರಾ?"

ಅತ್ತಿಗೆ ಕಣ್ಣು ಮುಚ್ಚಿದ್ದಳು.

"ಲೇ, ಚೈತ್ರಾ."

"ನಿದ್ದೆ ಹತ್ತೈತೆ, ಸುಮ್ನಿರ್ರಿ," ಎಂದು ಅಜ್ಜಿ ಪಿಸುಗುಟ್ಟಿದಳು.

ಕನಕರಾಜ್ ಕಾದರು. ಗಡಿಯಾರ ನೋಡಿದರು. ಮತ್ತೆ ಕಾದರು. ಕೊನೆಗೆ ಅವಳ ಭುಜದ ಕಡೆ ಕೈ ಚಾಚಿದರು.

"ಮಲಗಿದ ಹೆಣ್ಮಗಳನ್ನ ಎಬ್ಬಿಸ್ತಾರಾ ಬೀಗ್ರೆ? ನಿಮ್ಮ ಪ್ಯಾಟೆ ಕಡೆ ಹಂಗೇನು?" ಎಂದಳು ಅಜ್ಜಿ.

ಅವರು ಕೈ ಹಿಂದಕ್ಕೆ ತೆಗೆದುಕೊಂಡರು.

ನಾನು ಅವಳ ಕಾಲ ಹತ್ತಿರ ಕೂತಿದ್ದೆ. ನಿದ್ದೆ ಬಂದವರ ರೆಪ್ಪೆ ಹಾಗೆ ಅದುರುವುದಿಲ್ಲ. ಅವಳ ಕಾಲಿನ ಹೆಬ್ಬೆರಳು ಬಿಗಿಯಾಗಿ ಮಡಚಿಕೊಂಡಿತ್ತು. ಅಲುಗಿದರೆ ಬೆಡ್‌ಶೀಟ್ ಸದ್ದು ಮಾಡುತ್ತದೆಂದು ಉಸಿರನ್ನೂ ಸಣ್ಣಗೆ ಬಿಡುತ್ತಿದ್ದಳು.

ದೂರದಲ್ಲಿ ಹೊಳಲ್ಕೆರೆ ಬಸ್ಸಿನ ಹಾರ್ನ್ ಕೇಳಿತು. ಕನಕರಾಜ್ ಎದ್ದರು. ಬ್ಯಾಗನ್ನು ನೋಡಿದರು, ಮಂಚವನ್ನು ನೋಡಿದರು. "ನಮ್ಮನೇಲೂ ಇಷ್ಟು ನಿದ್ದೆ ಮಾಡಿರ್ಲಿಲ್ಲ ಇವ್ಳು," ಎಂದು ಬ್ಯಾಗನ್ನು ಅಲ್ಲೇ ಬಿಟ್ಟು ಚಪ್ಪಲಿ ಮೆಟ್ಟಿದರು. ಅವರನ್ನು ಬಿಡಲು ಹೊರಟ ಅಣ್ಣ, ಸದ್ದಾಗಬಾರದೆಂದು ಬೈಕನ್ನು ರಸ್ತೆಯವರೆಗೂ ತಳ್ಳಿಕೊಂಡು ಹೋದ. ಅಜ್ಜಿಯೂ ಕಳಿಸಿಕೊಡಲು ಹಿಂದೆ ಹೋದಳು.

ಬಸ್ಸು ನಿಂತದ್ದು, ಹೊರಟದ್ದು ಎರಡೂ ಕೇಳಿಸಿತು. ಅತ್ತಿಗೆ ಒಂದು ಕಣ್ಣು ತೆರೆದಳು.

"ಹೋದ್ರಾ?"

"ಹೂಂ. ಚುಚ್ಚಲಿಲ್ವ ಅತ್ತಿಗೆ?"

"ಚುಚ್ಚಲ್ಲ. ಕುಯ್ಯುತೈತೆ." ಕರಕರ ಎಂದು ಎದ್ದು ಕೂತಳು. "ಹಿರೇರು ಕುಂತು ಮಾತಾಡೋದಕ್ಕಿಂತ ಇದೇ ವಾಸಿ. ಅಜ್ಜಿ ಬರೋದ್ರೊಳಗೆ ನೀರಿಗೆ ಹಾಕಾಣ. ಆ ಕಡೆ ಹಿಡಿ."

ಮಡಚಲು ಆಗಲಿಲ್ಲ. ಇಬ್ಬರೂ ಎರಡು ತುದಿ ಹಿಡಿದು ಹೊತ್ತೆವು. ಬಚ್ಚಲ ಬಾಗಿಲು ಕಿರಿದು. ಓರೆ ಮಾಡಿ ಒಳಗೆ ತಂದೆವು.