ನಿಂತ ನೀರಿನ ಹೊಲ

ಅಂಬಾರಾಯನಿಗೆ ನೀರಿನ ಮದ ಏರಿತ್ತು. ಹೆಂಡದ ಮದವಾಗಿದ್ದರೆ ಬೆಳಗಾಗುವುದರೊಳಗೆ ಇಳಿಯುತ್ತಿತ್ತು. ಇದು ನಿವೃತ್ತನಾಗಿ ಎರಡು ವರ್ಷ ಕಳೆದರೂ ಇಳಿದಿರಲಿಲ್ಲ. ಆಳಂದದಲ್ಲಿ ಅವನು ನೀರು ಬಿಡುವ ವಾಲ್ವ್‌ಮನ್ ಆಗಿದ್ದ. ಯಾವ ಓಣಿಗೆ ಇವತ್ತು ನೀರು, ಯಾವ ಓಣಿಗೆ ಬರುವ ವಾರ ಎಂಬುದೆಲ್ಲ ಅವನ ಕೈಯಲ್ಲಿದ್ದ ಉದ್ದನೆಯ ಕಬ್ಬಿಣದ ಕೀಲಿಯನ್ನೇ ಅವಲಂಬಿಸಿತ್ತು. ವಕೀಲರು, ಮಾಸ್ತರರು, ಸರಾಫರು ಎಲ್ಲರೂ "ಅಂಬಾರಾಯಪ್ಪನವರೇ, ಬರ್ರಿ" ಎಂದು ಕರೆದು ಚಹಾ ಕುಡಿಸುತ್ತಿದ್ದರು. ನಿವೃತ್ತನಾದ ಮರುದಿನ ಕೀಲಿ ಬೇರೆಯವನ ಕೈಗೆ ಹೋಯಿತು. ಚಹಾವೂ ಕೀಲಿಯ ಹಿಂದೆಯೇ ಹೋಯಿತು.

ಆಮೇಲೆ ಅವನು ಹೆಂಡತಿ ಮಲ್ಕಮ್ಮನ ಊರಾದ ಹಿರೋಳ್ಳಿಗೆ ಬಂದು ನೆಲೆಸಿದ. ಅಲ್ಲಿ ಅವನು ಬರೀ ಮಲ್ಕಮ್ಮನ ಗಂಡ. ನೀರು ಬಿಟ್ಟವನೆಂದು ಯಾರೂ ಎದ್ದು ನಿಲ್ಲುತ್ತಿರಲಿಲ್ಲ. ಇದು ಅವನ ಹೊಟ್ಟೆಯನ್ನು ಸುಡುತ್ತಿತ್ತು.

ಹೊಲವೂ ಮಲ್ಕಮ್ಮನದೇ. ಅವಳ ತಾಯಿ ರಮಾಬಾಯಿ ಮಂದಿಯ ತೊಗರಿಯಲ್ಲಿ ಕಳೆ ಕಿತ್ತು, ಮಂದಿಯ ರಾಶಿ ತೂರಿ, ಹೊಟ್ಟೆ ಬಟ್ಟೆ ಕಟ್ಟಿ ಕೊಂಡ ಕೆಂಪು ಮಸಾರಿ ಹೊಲ ಅದು. ಕೊಂಡಾಗ ಅದರಲ್ಲಿ ಮಣ್ಣಿಗಿಂತ ಕಲ್ಲೇ ಹೆಚ್ಚಿತ್ತು. ರಮಾಬಾಯಿ ಆ ಕಲ್ಲನ್ನು ಬುಟ್ಟಿಯಲ್ಲಿ ಹೊತ್ತು ಬದುವಿಗೆ ಹಾಕತೊಡಗಿದವಳು ಸಾಯುವ ವರ್ಷದವರೆಗೂ ಹಾಕುತ್ತಲೇ ಇದ್ದಳು. ಈಗ ಬದು ಎದೆಮಟ್ಟ ಎದ್ದಿದೆ, ಒಳಗೆ ತೊಗರಿ ಆಳೆತ್ತರ ಬೆಳೆಯುತ್ತದೆ. ಮಳೆ ಬಂದರೆ ಆ ಹೊಲ ಗಟಗಟ ಕುಡಿದು, ಮರುದಿನ ಏನೂ ಆಗದವರ ಹಾಗೆ ಒಣಗಿ ಕೂರುತ್ತಿತ್ತು. ಅಂಬಾರಾಯನ ಸಿಟ್ಟೆಲ್ಲ ಅದರ ಮೇಲೆ.

"ಎಷ್ಟು ಮಳಿ ಬಂದ್ರೂ ಕಣ್ಣಿಗಿ ನೀರು ಕಾಣಂಗಿಲ್ಲ. ಉಪಕಾರ ಇಲ್ಲದ ಭೂಮಿ ನೋಡು ನಿಂದು!" ಎನ್ನುತ್ತಿದ್ದ.

"ಕುಡದದ್ದು ತೊಗರ್ಯಾಗ ಬರ್ತದಲ್ಲ, ಉಣ್ಣೂಮುಂದ ನೋಡ್ರಿ" ಎಂದು ಮಲ್ಕಮ್ಮ ಅವನ ತಟ್ಟೆಗೆ ಬೇಳೆ ಬಡಿಸುತ್ತಿದ್ದಳು.

ಹೀಗಿರುವಾಗ ಅಫಜಲಪುರದ ಒಂದು ಮದುವೆಯಲ್ಲಿ ಅತನೂರಿನ ಜಗದೇವ ಸಿಕ್ಕ. ದೂರದ ಸಂಬಂಧಿ. ಊಟದ ಪಂಕ್ತಿಯಲ್ಲಿ ಅವನು ತನ್ನ ಹೊಲದ ಗೋಳು ತೋಡಿಕೊಂಡ. "ಏನ್ ಹೇಳ್ಲಿ ಅಣ್ಣಾ, ಬ್ಯಾಸಗಿ ನಡು ಹಗಲಿನ್ಯಾಗೂ ಹೊಲದಾಗ ನೀರು ನಿಂತೇ ಇರ್ತದ."

ಜಗದೇವ ಅಳುತ್ತಿದ್ದ. ಅಂಬಾರಾಯನ ಕಿವಿಗೆ ಅದು ಜಂಬದಂತೆ ಕೇಳಿಸಿತು. ಬೇಸಿಗೆಯಲ್ಲೂ ನೀರು! ಅವನ ಬಾಯಲ್ಲಿದ್ದ ಹುಗ್ಗಿ ಅಲ್ಲೇ ನಿಂತಿತು. ಜಗದೇವನಿಗೋ, ತೊಗರಿ ಬೆಳೆಯುವ ಒಣ ಹೊಲವೊಂದು ಸಿಕ್ಕರೆ ಸಾಕಾಗಿತ್ತು. ಕೈ ತೊಳೆಯುವ ಹೊತ್ತಿಗೆ ಹೊಲಕ್ಕೆ ಹೊಲ ಬದಲಾಯಿಸಿಕೊಳ್ಳುವ ಮಾತು ಬಂದೇ ಬಿಟ್ಟಿತು.

ಮುಂದಿನ ವಾರವೇ ಅಂಬಾರಾಯ ಅತನೂರಿಗೆ ಹೋದ. ಬಿಸಿಲು ಕೊಡಲಿಯ ಹಾಗೆ ಬೀಳುತ್ತಿತ್ತು. ಮೇಲಿನ ಕಬ್ಬಿನ ಗದ್ದೆಗಳಿಗೆ ಭೀಮೆಯ ನೀರು ಏರಿಸಿ ಏರಿಸಿ ಹಾಕುತ್ತಿದ್ದರು. ಅದೆಲ್ಲ ನೆಲದೊಳಗೆ ಸರಿದು ಬಂದು ತಗ್ಗಿನಲ್ಲಿದ್ದ ಜಗದೇವನ ಹೊಲದಲ್ಲಿ ಎದ್ದು ಕೂತಿತ್ತು. ಅಂಬಾರಾಯ ದಂಡೆಯಲ್ಲಿ ನಿಂತು ಆ ನೀರನ್ನು ನೋಡಿದ. ಜೀವಮಾನವಿಡೀ ಊರಿಗೆಲ್ಲ ಹಂಚಿದ ನೀರು, ಹಿಂತಿರುಗಿ ಬಂದು ತನಗಾಗಿ ಕಾಯುತ್ತಿದೆ ಎನ್ನಿಸಿ ಅವನ ಕಣ್ಣು ತುಂಬಿ ಬಂತು.

ಜಗದೇವ ಪ್ರಾಮಾಣಿಕ. ಇಂಥ ಹೊಲ ಸಾಗಹಾಕುವವನಲ್ಲಿ ಆ ಗುಣ ಇರಬಾರದಿತ್ತು, ಆದರೆ ಇತ್ತು. "ಇದು ಸವಳು-ಜವಳು ಭೂಮಿ ಅದ ಅಣ್ಣಾ. ನಾನೂ ಕಬ್ಬಿನ ಆಸಿಗಿ ನೀರು ಹಾಕಿ ಹಾಕಿ ಕೆಡಿಸೇನಿ. ನೀರು ಕೆಳಗ ಇಳ್ಯಂಗೇ ಇಲ್ಲ."

"ಯಾಕ ಇಳೀಬೇಕು?" ಅಂಬಾರಾಯ ಬೇಜಾರು ಮಾಡಿಕೊಂಡ. "ತೂತಿದ್ದ ಟಾಕಿ ಯಾರಿಗಿ ಬೇಕೋ ತಮ್ಮ?"

"ಒಮ್ಮಿ ಕದಡಿದ್ರ ತಿಳಿ ಆಗಂಗಿಲ್ಲ. ವಾರ ಆದ್ರೂ ಹಿಂಗೇ ರಾಡಿ."

"ಹೊಸ ನೀರು ಹಿಂಗೇ ಇರ್ತದ. ನನಗ ಹೇಳ್ತೀ?"

ಅಂಚಿನಲ್ಲಿ ನೀರು ಆರಿದ ಕಡೆ ಬಿಳಿ ಪುಡಿ ಎದ್ದಿತ್ತು, ಅದರ ನಡುವೆ ಎಣ್ಣೆ ಚೆಲ್ಲಿದಂಥ ಕಪ್ಪು ಕಲೆಗಳು. ಯಾರದೋ ಆಕಳು ನಿಂತು ನೆಲ ನೆಕ್ಕುತ್ತಿತ್ತು. "ಉಪ್ಪು ಅದ ಅಂತ ನೆಕ್ತಾವ" ಎಂದ ಜಗದೇವ. ದನವೂ ನೆಕ್ಕುವಷ್ಟು ರುಚಿಯ ಮಣ್ಣೆಂದು ಅಂಬಾರಾಯ ತಲೆದೂಗಿದ. ಕೆಳಗಿಳಿದು ಕಾಲಿಟ್ಟ, ಜರ್ರೆಂದು ಜಾರಿ ಕುಂಡೆಯ ಮೇಲೆ ಕೂತ. ಎದ್ದು ಕೈ ಉಜ್ಜಿಕೊಂಡರೆ ಸಾಬೂನು ಹಚ್ಚಿದ ಹಾಗೆ ನುಣ್ಣಗೆ. ತೊಳೆದಾಗ ಬೆರಳಿನ ಸಂದಿಯ ಹಳೆಯ ಮಸಿ ಕೂಡ ಹೋಗಿತ್ತು.

"ಸೋಡಿಯಂ ಹೆಚ್ಚಾದ್ರ ಹಂಗೇ ಅಂತ್ರಿ, ಮಣ್ಣು ಪರೀಕ್ಷಾದವ್ರು ಹೇಳ್ಯಾರ. ಒಣಗಿತಂದ್ರ ಇಟ್ಟಂಗಿ ಆಗ್ತದ, ಗುದ್ದಲಿ ಪುಟಿದು ಮ್ಯಾಲ ಬರ್ತದ. ಸುತ್ತ ಬಸಿಗಾಲುವಿ ತೋಡಿ ನೀರು ಹೊರಗ ಹಾಕಬೇಕು, ಆಮ್ಯಾಲ ಜಿಪ್ಸಂ ಚೆಲ್ಲಬೇಕು, ಅಂದ್ರೂ ವರ್ಷಗಟ್ಟಲೆ ಬೇಕು ಅಂದ್ರು."

ನೀರು ಹೊರಗೆ ಹಾಕಬೇಕು! ಅಂಬಾರಾಯನ ಎದೆಗೆ ಒದ್ದಂತಾಯಿತು. ಕೊಡಕ್ಕೊಂದು ಜಗಳ ಕಂಡವನು ಅವನು. ನೀರನ್ನು ಹೊರಗೆ ಹಾಕಲು ಕಾಲುವೆ ತೋಡುವವರನ್ನು ಜೈಲಿಗೆ ಹಾಕಬೇಕೆಂದುಕೊಂಡ. "ಮತ್ತ ಯಾರರೇ ಬಂದಿದ್ರೇನು ನೋಡಾಕ?" ಎಂದು ಕೇಳಿದ.

"ಜೇವರ್ಗಿಯವ್ರು ಒಬ್ರು ಬಂದಿದ್ರು. ಗಾಡಿ ಮ್ಯಾಲಿಂದ ಇಳೀಲಿಲ್ಲ, ಹಂಗೇ ಹೊಳ್ಳಿ ಹೋದ್ರು."

ರೊಕ್ಕ ತರಲು ಹೋಗಿದ್ದಾನೆ ಎಂದು ಅಂಬಾರಾಯನಿಗೆ ಖಾತ್ರಿಯಾಯಿತು. ಇನ್ನು ತಡಮಾಡಬಾರದು. ಜಗದೇವ ಮತ್ತೇನೋ ಹೇಳಲು ಬಾಯಿ ತೆರೆದವನು ಇವನ ಮುಖ ನೋಡಿ ಮುಚ್ಚಿಕೊಂಡ. ಇದ್ದ ನಿಜವನ್ನೆಲ್ಲ ಹೇಳಿಯಾಗಿತ್ತು. ಮುಂದೆ ಹೇಳಲು ಪಾಪ ಅವನ ಹತ್ತಿರ ಸುಳ್ಳೂ ಇರಲಿಲ್ಲ.

ಮನೆಗೆ ಬಂದ ಅಂಬಾರಾಯ ಹೆಂಡತಿಯ ಮುಂದೆ ಅತನೂರನ್ನು ಸಮುದ್ರ ಮಾಡಿ ಇಟ್ಟ. ಮಲ್ಕಮ್ಮ ತೊಗರಿ ಹಸನು ಮಾಡುತ್ತ ಎಲ್ಲ ಕೇಳಿದಳು. ಹೊಲ ಅವಳ ಹೆಸರಿನಲ್ಲಿತ್ತು; ಅವಳ ಸಹಿ ಇಲ್ಲದೆ ಒಂದು ಹೆಂಟೆಯೂ ಅಲ್ಲಾಡುವಂತಿರಲಿಲ್ಲ. ಕೊಡುವುದಿಲ್ಲ ಎಂದಿದ್ದರೆ ಜಗಳವಾಗುತ್ತಿತ್ತು, ಜಗಳದಲ್ಲಿ ಅಂಬಾರಾಯ ಗೆಲ್ಲುತ್ತಿದ್ದ, ಏಕೆಂದರೆ ಅವನು ಉಣ್ಣುವುದನ್ನು ಬಿಡುತ್ತಿದ್ದ. ಅವಳು ಮೊರದಿಂದ ಒಂದು ಹಿಡಿ ತೊಗರಿ ತೆಗೆದು ಅವನ ಕೈಗೆ ಹಾಕಿದಳು.

"ಮಿರಗ ಮಳಿಗಿ ಇದನ್ನ ಆ ಹೊಲದಾಗ ಹಾಕ್ರಿ. ಮೊಳೆತು ನಾಟಿ ಬಂದ್ರ ನಾನೇ ಬಂದು ನೋಡಿ ಸಹಿ ಮಾಡ್ತೇನಿ. ಬರಲಿಲ್ಲಂದ್ರ ನಮ್ಮವ್ವನ ಹೊಲದ ಹೆಸರು ಮತ್ತ ಎತ್ತಬ್ಯಾಡ್ರಿ."

ಇಷ್ಟು ಸುಲಭದ ಷರತ್ತು! ಅಂಬಾರಾಯ ಗಹಗಹಿಸಿ ನಕ್ಕ.

ಮೊದಲ ಮಳೆಗೆ ಹೋಗಿ ಬಿತ್ತಿ ಬಂದ. ಕೆಲವು ದಿನ ಬಿಟ್ಟು ಹೋಗಿ ನೋಡಿದರೆ ಹೊಲ ಬೋಳು. ತಗ್ಗಿನಲ್ಲಿ ಬಿದ್ದ ಕಾಳು ಕೊಳೆತು ನಾರುತ್ತಿತ್ತು. ದಿಬ್ಬದಲ್ಲಿ ಮಣ್ಣು ಹಪ್ಪಳಗಟ್ಟಿತ್ತು. ಉಗುರಿನಿಂದ ಆ ಹಪ್ಪಳ ಎಬ್ಬಿಸಿ ನೋಡಿದ. ಕೆಳಗೆ ಒಂದು ಮೊಳಕೆ ಮೇಲೆ ಬರಲಾರದೆ ಕೊಂಕಿ, ಬಿಳಿಚಿಕೊಂಡು ಸತ್ತಿತ್ತು. ಎಬ್ಬಿಸಿದ ಹಪ್ಪಳವನ್ನು ಅವನು ಮತ್ತೆ ಅದರ ಮೇಲೆ ಮುಚ್ಚಿದ. ಆ ಗಳಿಗೆಯಲ್ಲೇ ಬುದ್ಧಿ ಬರಬೇಕಿತ್ತು, ಬಾಗಿಲವರೆಗೆ ಬಂದಿತ್ತು ಕೂಡ. ಆದರೆ ಹಿರೋಳ್ಳಿಯ ಚಹಾದಂಗಡಿಯಲ್ಲಿ 'ನದಿ ದಂಡಿ ಹೊಲ ತೊಗೊಳ್ಳಾಕತ್ತೇನಿ' ಎಂದು ಅವನು ಸಾರಿ ಆಗಿತ್ತು. ಅಲ್ಲಿ ಮತ್ತೆ ಮಲ್ಕಮ್ಮನ ಗಂಡನಾಗಿ ಹೋಗಿ ಕೂರುವುದು ಅವನಿಂದಾಗದು. ಬೀಜ ಹಳೆಯದಿರಬೇಕು ಎಂದುಕೊಂಡ. ಭೂಮಿ ಹೊಸಬರಿಗೆ ನಾಚುತ್ತಿರಬೇಕು, ಸ್ವಲ್ಪ ಕೈ ಹಿಡಿದು ನಡೆಸಿದರೆ ಸರಿಹೋಗುತ್ತದೆ ಎಂದೂ ಅಂದುಕೊಂಡ.

ಕೈ ಹಿಡಿದದ್ದು ಹೀಗೆ: ಹತ್ತಿರದ ಖಜೂರಿಯಲ್ಲಿ ಮುಜೀಬ ಎಂಬ ಗೂಡ್ಸ್ ಗಾಡಿಯವನಿದ್ದ. ಅವನ ಶೆಡ್ಡಿನ ಹಿಂದೆ ಅಂಬಾರಾಯ ಖಾಲಿ ಹಾಲಿನ ಪಾಕೀಟುಗಳಲ್ಲಿ ಒಳ್ಳೆಯ ಮಣ್ಣು ತುಂಬಿ ತೊಗರಿ ಹಾಕಿದ. ಸಸಿಗಳು ಚಿಗುರಿ ಗೇಣುದ್ದ ಎದ್ದವು. ಅವನ್ನು ಗಾಡಿಗೆ ಏರಿಸುವಾಗ ಮುಜೀಬನಿಗೆ ನಗು ತಡೆಯಲಾಗಲಿಲ್ಲ.

"ಚಾಚಾ, ತೊಗರಿಗಿ ಯಾರರೇ ಹಿಂಗ ಮೆರವಣಿಗಿ ತೆಗೀತಾರೇನ್ರಿ?"

"ನೀ ಗಾಡಿ ಹೊಡಿ" ಎಂದ ಅಂಬಾರಾಯ.

ಅತನೂರಿನಲ್ಲಿ ಪಾಕೀಟು ಹರಿದು, ಹೆಂಟೆ ಸಮೇತ ಸಸಿಗಳನ್ನು ಸಾಲಾಗಿ ನೆಟ್ಟ, ಮೇಲೆ ಕಪ್ಪು ಮಣ್ಣು ಸವರಿದ. ಮನೆಯ ಹೊಲವನ್ನು ತಾನೇ ಕಳೆದುಕೊಳ್ಳಲು ಇಷ್ಟು ಕಷ್ಟಪಟ್ಟವನನ್ನು ಜಗದೇವ ಕಂಡಿರಲಿಲ್ಲ. ದೂರದಲ್ಲಿ ನಿಂತು ಬೀಡಿ ಸೇದುತ್ತ ನೋಡಿದ.

ಅದೇ ದಿನಗಳಲ್ಲಿ ಹಿರೋಳ್ಳಿಯಲ್ಲಿ ಮಲ್ಕಮ್ಮ ತಲೆ ಕೆಡಿಸಿಕೊಂಡಿದ್ದಳು. "ಬದುವಿನ ಬಾಜೂಕ ಯಾರೋ ಗುಂಡಿ ತೋಡ್ಯಾರ ನೋಡ್ರಿ. ಚಲೋ ಮಣ್ಣಿದ್ದಲ್ಲೇ ತೋಡ್ಯಾರ."

"ಹೆಗ್ಗಣ ಇರಬೇಕು" ಎಂದ ಅಂಬಾರಾಯ, ರೊಟ್ಟಿಯಿಂದ ಕಣ್ಣೆತ್ತದೆ.

"ಅಷ್ಟು ಅಗಲ?"

"ಬಲ್ತದ್ದಿರಬೇಕು."

ಮಲ್ಕಮ್ಮ ಆ ಹೆಗ್ಗಣಕ್ಕೆ ವಾರವಿಡೀ ಹಿಡಿಶಾಪ ಹಾಕಿದಳು. ಅದರ ಕೈ ಸೇದಿ ಹೋಗಲಿ, ಅದರ ವಂಶ ಉರಿದು ಹೋಗಲಿ ಎಂದಳು. ಅಂಬಾರಾಯ ಎಲ್ಲದಕ್ಕೂ ಹ್ಞೂಂಗುಟ್ಟಿದ.

ನೋಡುವ ದಿನ ಬಂತು. ಮುಜೀಬನ ಗಾಡಿಯಲ್ಲೇ ಹೋದರು. ಹಿಂದಿನ ರಾತ್ರಿ ಅತನೂರಿನಲ್ಲಿ ಜಡಿಮಳೆ ಬಂದಿತ್ತು. ದಂಡೆಯಲ್ಲಿ ನಿಂತು ಅಂಬಾರಾಯ ಮದುಮಗನ ಹಾಗೆ ಕೈ ಬೀಸಿ ತೋರಿಸಿದ. "ಎಣಿಸ್ಕೊ. ಒಂದೂ ತಪ್ಪಿಲ್ಲ!"

ಸಾಲು ಸಾಲಾಗಿ ತೊಗರಿ ನಿಂತಿದ್ದು ನಿಜ. ಎಲೆ ಹಳದಿಗೆ ತಿರುಗಿತ್ತು, ಕಣಕಾಲುದ್ದ ರಾಡಿ ನೀರಿನಲ್ಲಿ ಬುಡ ಮುಳುಗಿತ್ತು. ಮಲ್ಕಮ್ಮ ಸೀರೆ ಎತ್ತಿ ಕಟ್ಟಿ, ಜಗದೇವ ಕೊಟ್ಟ ಕೋಲೂರಿ ಇಳಿದಳು. ಮೊದಲ ಸಸಿಯ ಹತ್ತಿರ ಹೋಗಿ ಬಗ್ಗಿದಳು. ರಾತ್ರಿಯ ಮಳೆ ಅಂಬಾರಾಯ ಸವರಿದ್ದ ಕಪ್ಪು ಮಣ್ಣನ್ನು ಕರಗಿಸಿ ಒಯ್ದಿತ್ತು. ಬುಡದ ಸುತ್ತ ಕೆಂಪಗೆ ಒಂದು ಉಂಗುರ ಕಾಣುತ್ತಿತ್ತು. ಅವಳು ಸಸಿಯನ್ನು ಎತ್ತಿದಳು. ಕಪ್ಪು ಕೆಸರಿನೊಳಗಿಂದ ಹಾಲಿನ ಪಾಕೀಟಿನ ಆಕಾರದಲ್ಲೇ ಕೆಂಪು ಹೆಂಟೆ ಮೇಲೆ ಬಂತು. ಬೇರಿನ ಒಂದೇ ಒಂದು ಎಳೆಯೂ ಆ ಹೆಂಟೆ ದಾಟಿ ಹೊರಗೆ ಹೋಗಿರಲಿಲ್ಲ.

ಎರಡನೆಯದನ್ನು ಎತ್ತಿದಳು. ಮೂರನೆಯದನ್ನೂ ಎತ್ತಿದಳು. ಅಂಬಾರಾಯ ಏನೋ ಹೇಳಲು ಒಂದು ಹೆಜ್ಜೆ ಮುಂದಿಟ್ಟ, ಕಾಲು ಮೊಣಕಾಲವರೆಗೆ ಹೂತು ಹೋಯಿತು. ಕೀಳಲು ಬರಲಿಲ್ಲ. ಹಾಗೆಯೇ ನಿಂತ.

ಮಲ್ಕಮ್ಮ ಹೆಂಟೆಯನ್ನು ಅಂಗೈಯಲ್ಲಿ ಪುಡಿಮಾಡಿ ನೋಡಿದಳು. ಅದು ಯಾರು ಕಲ್ಲು ಹೊತ್ತು ಹಸನು ಮಾಡಿದ ಮಣ್ಣೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಅವಳು ಕೂಗಾಡಿದ್ದರೆ ಅಂಬಾರಾಯನಿಗೆ ಹಗುರಾಗುತ್ತಿತ್ತು. ಅವಳು ಅತ್ತಳು. ಮೂವತ್ತು ವರ್ಷದ ಸಂಸಾರದಲ್ಲಿ, ತಾಯಿ ಸತ್ತ ದಿನ ಬಿಟ್ಟರೆ, ಅವಳು ಅತ್ತದ್ದನ್ನು ಅವನು ನೋಡಿರಲಿಲ್ಲ. ಅವನಿಗೆ ನಾಚಿಕೆಯಾಯಿತು, ಭೂಮಿ ಬಾಯಿಬಿಟ್ಟು ನುಂಗಲಿ ಎನ್ನಿಸಿತು. ಭೂಮಿ ಮೊಣಕಾಲವರೆಗೆ ನುಂಗಿ ಅಲ್ಲಿಗೇ ಬಿಟ್ಟಿತ್ತು.

"ನಾ ಮೊದಲೇ ಹೇಳಿದ್ದೆ ನೋಡ್ರಿ ಅಕ್ಕಾ" ಎಂದ ಜಗದೇವ, ಸಂಕೋಚದಿಂದ.

"ನಿಂದೇನ್ ತಪ್ಪಿಲ್ಲ ತಮ್ಮ" ಎಂದು ಮಲ್ಕಮ್ಮ ಕಣ್ಣೊರೆಸಿಕೊಂಡಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಸಿಗಳನ್ನೆಲ್ಲ ಹೆಂಟೆ ಸಮೇತ ಒಂದೊಂದಾಗಿ ಎತ್ತಿ ಬುಟ್ಟಿಗೆ ಹಾಕಿದಳು. ಒಂದು ಚೂರು ಕೆಂಪು ಮಣ್ಣನ್ನೂ ಅಲ್ಲಿ ಬಿಡಲಿಲ್ಲ. ಎಲ್ಲ ಮುಗಿದ ಮೇಲೆ ಮುಜೀಬ ಮತ್ತು ಜಗದೇವ ಸೇರಿ ಅಂಬಾರಾಯನನ್ನು ಕೆಸರಿನಿಂದ ಎಳೆದು ತೆಗೆದರು. ಚಪ್ಪಲಿಯನ್ನು ಹೊಲ ಇಟ್ಟುಕೊಂಡಿತು.

ಹಿರೋಳ್ಳಿ ಬಂದಾಗ ಮನೆಗೆ ಹೋಗದೆ ಮಲ್ಕಮ್ಮ ಗಾಡಿಯನ್ನು ತನ್ನ ಹೊಲಕ್ಕೇ ಹೊಡೆಸಿದಳು. ಬದುವಿನ ಪಕ್ಕದ ಗುಂಡಿಗಳ ಮುಂದೆ ಬುಟ್ಟಿ ಇಳಿಸಿ ಬೆರಳು ತೋರಿಸಿದಳು. ಅಂಬಾರಾಯ ಬರಿಗಾಲಲ್ಲಿ ಮಂಡಿಯೂರಿ, ತೆಗೆದ ಮಣ್ಣನ್ನು ತೆಗೆದ ಜಾಗಕ್ಕೇ ಹಾಕಿ, ಸಸಿಯನ್ನು ನಿಲ್ಲಿಸಿದ. ಆಮೇಲೆ, ಬಹಳ ಮೆಲ್ಲಗೆ, "ಒಂದ್ ಕೊಡ ನೀರು ಹಾಕ್ಲೇನು?" ಎಂದು ಕೇಳಿದ.

ಅವನು ನೀರು ತಂದು ಹೊಯ್ದ. ರೂಢಿಯಂತೆ, ನೀರು ನಿಲ್ಲುವುದನ್ನು ನೋಡಲು ಕಾದ. ನೀರು ನಿಲ್ಲಲಿಲ್ಲ. ಗುಳಗುಳ ಸದ್ದು ಮಾಡಿ ಒಳಗಿಳಿದು ಹೋಯಿತು, ಮೇಲೆ ಬರೀ ಒದ್ದೆ ಕೆಂಪು ಉಳಿಯಿತು. ಈ ಸಲ ಅವನು ಹೊಲವನ್ನು ಬೈಯಲಿಲ್ಲ. ಖಾಲಿ ಕೊಡ ಹಿಡಿದು ಆ ಒದ್ದೆಯನ್ನೇ ನೋಡುತ್ತ ಕೂತ.

ಇಷ್ಟು ವರ್ಷ ಗಂಡನಿಗೆ ಒಮ್ಮೆಯೂ ಏಕವಚನ ಬಳಸದ ಮಲ್ಕಮ್ಮ ಹಿಂದಿನಿಂದ ಅಂದಳು:

"ಏಳು, ಹೆಗ್ಗಣಾ. ಇನ್ನೂ ಭಾಳ ಗುಂಡಿ ಉಳದಾವ."