ವಾಸನೆಯಿಲ್ಲದ ಕೆಂಡ

ಅಜ್ಜೀಪುರದ ಚನ್ನಮಲ್ಲಮ್ಮ ಮುದ್ದೆಗೆ ಎಸರಿಟ್ಟು ಒಲೆ ಊದುತ್ತಿದ್ದಳು. ಸೌದೆ ಹಸಿಯಾಗಿದ್ದುದರಿಂದ ಹೊಗೆ ಸೂರನ್ನು ಮುಟ್ಟಿತ್ತು. ಪಕ್ಕದ ಕಟ್ಟೆಯ ಮೇಲೆ ಗೋಬರ್ ಗ್ಯಾಸಿನ ಹೊಸ ಒಲೆ ಇತ್ತು. ಹಿತ್ತಲಲ್ಲಿ ಗುಂಡಿ ತೋಡಿಸಿ, ಕಬ್ಬಿಣದ ಡ್ರಮ್ಮು ಕವುಚಿ, ಗಂಡ ಗುರುಮಲ್ಲಪ್ಪ ಕಳೆದ ದೀಪಾವಳಿಗೆ ಹಾಕಿಸಿದ್ದು. ಅವನೊಬ್ಬನೇ ಅದರಲ್ಲಿ ಕಾಫಿ ಕಾಯಿಸಿಕೊಳ್ಳುತ್ತಿದ್ದ.

"ಊದಿ ಊದಿ ಕಣ್ಣು ಕೆಂಪಗಾಗ್ಯದೆ. ಈ ಒಲೆ ಅಚ್ಚುದ್ರೆ ಏನಾದದು?" ಎಂದ.

"ಬಚ್ಚಲು ನಾತ ಒಡೀತದೆ. ಡ್ರಮ್ಮು ಸಿಡುದ್ರೆ ಮನೇನೇ ಇರಕಿಲ್ಲ. ಸಾಲ್ದು ಅಂತ ಸಗಣಿ ಗಾಳಿ, ಮೈಲಿಗೆ."

"ಸಗಣಿ ಸುಟ್ಟ ಇಬೂತಿಯ ಅಣೆ ತುಂಬ ಬಳ್ಕಂಡಿದ್ದೀಯಲ್ಲ, ಅದಕ್ಕಿಲ್ದ ಮೈಲಿಗೆ ಇದಕ್ಕೆಲ್ಲಿಂದ ಬಂತು?"

ಅವಳಿಗೆ ನಗು ಬಂತು. ಹೆದರಿಕೆ ಮಾತ್ರ ಹೋಗಲಿಲ್ಲ. ಮಗಳು ಸುವರ್ಣ ಚೊಚ್ಚಲ ಬಾಣಂತಿ. ಅಡುಗೆಮನೆಗೆ ಅಂಟಿದ ಕೋಣೆಯಲ್ಲೇ ಮಗುವಿನೊಡನೆ ಮಲಗಿದ್ದಳು. ೧೯೭೫ರ ಪುಷ್ಯದ ಚಳಿ. ಬಾಣಂತಿಗೆ ಗಾಳಿ ಸೋಕಬಾರದೆಂದು ಕಿಟಕಿ ಮುಚ್ಚಿ, ಮಂಚದ ಬಳಿ ಅಗ್ಗಿಷ್ಟಿಕೆ ಇಟ್ಟಿದ್ದರು. ಹೊಗೆ ಆಗಬಾರದೆಂದು ಅದಕ್ಕೆ ಇದ್ದಲು ಹಾಕುತ್ತಿದ್ದರು. ಗುರುಮಲ್ಲಪ್ಪನಿಗೂ ಅದು ಸರಿಯೆನ್ನಿಸಿತ್ತು.

ಮಧ್ಯಾಹ್ನ ಸುವರ್ಣ ಕೂಗಿದಳು. "ಅವ್ವಾ, ತಲೆ ಸಿಡೀತದೆ. ಎದ್ರೆ ಓಕರಿಕೆ."

ಚನ್ನಮಲ್ಲಮ್ಮ ಮೂಗರಳಿಸಿದಳು. ಅಡುಗೆಮನೆಯ ಕಡೆಯಿಂದ ತೆಳ್ಳಗೆ ಆ ನಾತ ಬರುತ್ತಿತ್ತು. "ನೋಡುದ್ರಾ? ನಿಮ್ಮ ಗ್ಯಾಸು ನನ್ನ ಮಗಳ ತಲೆಗೇರ್ಬುಟ್ಟದೆ!"

ಗುರುಮಲ್ಲಪ್ಪ ಅಡುಗೆಮನೆಗೆ ನುಗ್ಗಿದ. ಒಲೆಯ ತಿರುಪು ಸ್ವಲ್ಪ ಸಡಿಲವಾಗಿತ್ತು. ಬಿಗಿಯಾಗಿ ತಿರುಗಿಸಿ, ಪೈಪು ಎಲ್ಲಾದರೂ ಸೋರುತ್ತಿದೆಯೇ ಎಂದು ನೋಡಲು ಹಿತ್ತಲಿಗೆ ಓಡಿದ. ಅಷ್ಟರಲ್ಲಿ ಚನ್ನಮಲ್ಲಮ್ಮ ಕಿಟಕಿಯ ಸಂದಿಗಳಿಗೆ ಹಳೆಯ ಸೀರೆ ತುರುಕಿದಳು. ಅಗ್ಗಿಷ್ಟಿಕೆಗೆ ಇನ್ನಷ್ಟು ಇದ್ದಲು ಸುರಿದಳು. ಹೊರಗೆ ಬಂದು ಬಾಗಿಲೆಳೆದು, ಅದರ ಬುಡಕ್ಕೆ ಗೋಣಿತಾಟು ಒತ್ತಿದಳು.

"ಇನ್ನು ಒಂಚೂರೂ ಒಳಕ್ಕೆ ಬರಕಿಲ್ಲ. ಮನೀಕೊ ಮಗಾ."

ಇಳಿಹೊತ್ತಿಗೆ ಊಟ ತಂದು ಕರೆದಳು. ಮತ್ತೆ ಕರೆದಳು. ಬಾಗಿಲು ತಳ್ಳಿದಾಗ ಹೊಗೆಯಿರಲಿಲ್ಲ, ವಾಸನೆಯಿರಲಿಲ್ಲ. ಕೆಂಡ ಕೆಂಪಗೆ ಉರಿಯುತ್ತಿತ್ತು. ಸುವರ್ಣಳ ತಲೆ ದಿಂಬಿನಿಂದ ಜಾರಿತ್ತು. ತೋಳು ಹಿಡಿದು ಎತ್ತಿದರೆ ತೊಪ್ಪನೆ ಬಿತ್ತು. ಮಗು ಅಳುತ್ತಿರಲಿಲ್ಲ.

ಅವಳ ಕಿರುಚಾಟಕ್ಕೆ ಗುರುಮಲ್ಲಪ್ಪ ಓಡಿಬಂದು ಮಗಳನ್ನು ಎತ್ತಿ ಅಂಗಳಕ್ಕೆ ತಂದ. ಚನ್ನಮಲ್ಲಮ್ಮ ಮಗುವನ್ನು ಅವುಚಿಕೊಂಡು ಬಂದಳು. "ಗಾಳಿ, ಗಾಳಿ ಬಡೀತದೆ ಕಣ್ರೀ," ಎಂದು ಅಳುತ್ತಲೇ ಮಗುವಿನ ಮುಖದ ಬಟ್ಟೆ ಸರಿಸಿದಳು. ತಣ್ಣನೆಯ ಗಾಳಿ ಬೀಸಿತು. ಮಗುವಿನ ತುಟಿ ಅಲುಗಿತು. ಬಹಳ ಹೊತ್ತಿನ ಮೇಲೆ ಬೆಕ್ಕಿನ ಮರಿಯಂಥ ಒಂದು ದನಿ ಹೊರಟಿತು. ಸುವರ್ಣ ವಾಂತಿ ಮಾಡಿಕೊಂಡು ಕಣ್ಣು ಬಿಟ್ಟಳು.

ಬೆಟ್ಟದ ಕಡೆಯಿಂದ ಬಂದ ಬಸ್ಸಿಗೆ ಹತ್ತಿಸಿ ಇಬ್ಬರನ್ನೂ ಕೊಳ್ಳೇಗಾಲದ ಆಸ್ಪತ್ರೆಗೆ ಸೇರಿಸಿದರು.

"ಗ್ಯಾಸು ಸೋರಿತ್ತು ಸಾ," ಎಂದಳು ಚನ್ನಮಲ್ಲಮ್ಮ.

ಡಾಕ್ಟರು ಎಲ್ಲವನ್ನೂ ಕೇಳಿಸಿಕೊಂಡರು. "ಸೋರಿದರೆ ಅದೂ ಅಪಾಯವೇ. ಆದರೆ ಅದು ನಾರುತ್ತದೆ, ನಿಮಗೆ ತಿಳಿಯುತ್ತದೆ. ಉರಿದರೆ ನೀಲಿ ಉರಿ, ಸೌದೆಯಷ್ಟು ಹೊಗೆಯಿಲ್ಲ. ಇದ್ದಲಿಗೂ ಹೊಗೆಯಿಲ್ಲ ನಿಜ. ಮುಚ್ಚಿದ ಕೋಣೆಯಲ್ಲಿ ಅದರಿಂದ ಬರುವ ವಿಷಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಯಾವ ಬೆಂಕಿಗಾದರೂ ಗಾಳಿ ಬೇಕು. ಸಂದಿ ಮುಚ್ಚಿದ್ದು ಯಾರು?"

ಗುರುಮಲ್ಲಪ್ಪ ಹೆಂಡತಿಯ ಮುಖ ನೋಡಲಿಲ್ಲ. "ನಾವೇ ಸಾ," ಎಂದ.

ತಾಯಿ ಮಗು ಚೇತರಿಸಿಕೊಂಡು ಮನೆಗೆ ಬಂದರು. ಚಳಿ ಇನ್ನೂ ಇತ್ತು. ಒಂದು ಸಂಜೆ, ಎದುರು ಮನೆಯ ಪುಟ್ಟಗೌರಮ್ಮನ ಸೊಸೆಗೆ ಹೆರಿಗೆಯಾಯಿತೆಂದು ತಿಳಿದು ಚನ್ನಮಲ್ಲಮ್ಮ ನೋಡಲು ಹೋದಳು. ಕೋಣೆಯ ಬಾಗಿಲು ಮುಚ್ಚಿತ್ತು. ತಳ್ಳಿ ನೋಡಿದಳು: ಒಳಗೆ ಅಗ್ಗಿಷ್ಟಿಕೆ.

"ಕೆಂಡ ಆಚೆಗೆ ಇಕ್ಕವ್ವ. ಕಿಟ್ಕಿ ತೆಗಿ."

"ಬಾಣಂತಿಗೆ ಸನ್ನಿ ಆದ್ರೆ ನೀನು ಬಂದೀಯಾ?" ಪುಟ್ಟಗೌರಮ್ಮ ಸಿಡುಕಿದಳು. "ನಿಮ್ಮನೇಲಿ ಸಗಣಿ ಗ್ಯಾಸಿತ್ತು, ಅಂಗಾಯ್ತು. ನಮ್ಮನೇಲೇನದೆ?"

ಚನ್ನಮಲ್ಲಮ್ಮನಿಗೆ ಡಾಕ್ಟರ ಮಾತು ಸರಿಯಾಗಿ ಹೇಳಲು ಬರಲಿಲ್ಲ. ಬಾಗಿಲನ್ನು ಪೂರ್ತಿ ತೆರೆದು, ಅದಕ್ಕೆ ಬೆನ್ನು ಕೊಟ್ಟು ಹೊಸ್ತಿಲ ಮೇಲೆ ಕುಳಿತುಬಿಟ್ಟಳು.

"ಮುಸ್ಸಂಜೇಲಿ ಒಸ್ಲು ಮೇಲೆ ಕೂತ್ಕತಾರಾ? ಏಳು!"

"ನೀನು ಕೆಂಡ ಎತ್ತೋಗಂಟ ಏಳಕಿಲ್ಲ."

ಬೀದಿಯ ಗಾಳಿ ನಡುಮನೆ ದಾಟಿ ಬಂದು ಅವಳಿಗೆ ಹೊಡೆಯಿತು. ಅವಳು ನಡುಗುತ್ತ ಕುಳಿತೇ ಇದ್ದಳು. ಪುಟ್ಟಗೌರಮ್ಮ ಗೊಣಗಿದಳು, ಬೈದಳು, ಕೊನೆಗೆ ಅವಳ ಮುಖವನ್ನೇ ನೋಡಿದಳು. ಆಮೇಲೆ ಎರಡು ಗೋಣಿತುಂಡು ಹಿಡಿದು ಕೋಣೆಯೊಳಕ್ಕೆ ಹೋದಳು.

"ಕಾಲು ಎಳ್ಕೊ ಅತ್ಲಾಗೆ. ಬಿಸಿ ಅದೆ."