ಎನ್‌ಜಿ ಟೇಕು

ಎಡಗಿವಿ ಖಾಲಿ, ಹೌದು, ಖಾಲಿಯೇ, ಕೂದಲು ಸರಿದ ಒಂದು ಕ್ಷಣ ಮಾನಿಟರಿನ ಮೂಲೆಯಲ್ಲಿ ಕಂಡಿತು, ಓಲೆ ಇಲ್ಲ, ಬರೀ ತೂತು, ಅಷ್ಟರಲ್ಲಿ ಅವಳು ಉರುಳಿದಳು, ಹನ್ನೊಂದು ಮೆಟ್ಟಿಲು, ಭುಜ, ಸೊಂಟ, ಮೊಣಕಾಲು, ಮತ್ತೆ ಭುಜ, ಕೆಳಗೆ ಬಂದು ಅಂಗಾತ ಬಿದ್ದಳು, ಡೈರೆಕ್ಟರ್ ಕಟ್ ಅಂದರು, ಚಪ್ಪಾಳೆ, ಯಾರೋ ಸೂಪರ್ ರಬ್ಬರ್ ಅಂದರು — ಸೆಟ್ಟಿನಲ್ಲಿ ಎಲ್ಲರೂ ಅವಳನ್ನು ರಬ್ಬರ್ ಅಂತಲೇ ಕರೆಯುವುದು, ಈ ಧಾರಾವಾಹಿಯ ನಾಯಕಿಗೆ ಡ್ಯೂಪ್, ನಾಯಕಿ ಬೀಳಬೇಕಾದಾಗೆಲ್ಲ ಇವಳು ಬೀಳುತ್ತಾಳೆ, ಆಮೇಲೆ ನಾಯಕಿ ಬಂದು ಅಳುತ್ತಾಳೆ — ಈಗ ಮೊಣಕೈ ಹಿಡಿದುಕೊಂಡು ಏಳುತ್ತಿದ್ದಾಳೆ, ನಗುತ್ತಿದ್ದಾಳೆ, ಆ ನಗು ನನಗೆ ಗೊತ್ತು, ನೋವಾದಾಗ ನಗುವವರ ಪೈಕಿ ಇವಳು, ನನ್ನ ಗಂಡನೂ ಅದೇ ಪೈಕಿ. ಡೈರೆಕ್ಟರ್ ಕೇಳುತ್ತಿದ್ದಾರೆ, ಕ್ಯಾಮೆರಾ ಓಕೆನಾ? ಒಂದ್ಸಲ ರೀಪ್ಲೇ ನೋಡ್ತೀನಿ ಸರ್, ಫೋಕಸ್ ಡೌಟು, ಅಂದ ಕ್ಯಾಮೆರಾಮನ್. ಮೊದಲು ಕ್ಯಾಮೆರಾ, ಆಮೇಲೆ ಸೌಂಡ್, ಕೊನೆಗೆ ನಾನು, ಕಂಟಿನ್ಯುಟಿ, ಅದೇ ಕ್ರಮ, ಇನ್ನು ಎರಡು ನಿಮಿಷದಲ್ಲಿ ನನ್ನ ಬಾಯಿಂದ ಒಂದು ಮಾತು ಬರಬೇಕು.

ಇಪ್ಪತ್ತೆರಡು ವರ್ಷದಿಂದ ಇದೇ ಕಸುಬು, ಹಿಂದಿನ ಶಾಟಿನಲ್ಲಿ ಇದ್ದದ್ದು ಮುಂದಿನ ಶಾಟಿನಲ್ಲೂ ಹಾಗೇ ಇದೆಯೇ ಎಂದು ನೋಡುವುದು, ಅಂಗಿಯ ಗುಂಡಿ ಹಾಕಿತ್ತೋ ಬಿಚ್ಚಿತ್ತೋ, ಕಣ್ಣೀರು ಮೊದಲು ಯಾವ ಕೆನ್ನೆಗೆ ಇಳಿಯಿತು, ಸರಿಯಿದ್ದರೆ ಓಕೆ, ಇಲ್ಲದಿದ್ದರೆ ಎನ್‌ಜಿ, ನೋ ಗುಡ್ ಅಂತೆ ಅದರ ಅರ್ಥ, ಕೆಟ್ಟದ್ದು ಅನ್ನುವುದಕ್ಕೂ ಸಂಕೋಚ, ಒಳ್ಳೆಯದಲ್ಲ, ಅಷ್ಟೇ — ಇಲ್ಲಿನ ಮಾತೇ ಹಾಗೆ, ಬೇಬಿನ ಮೂಲೇಲಿ ನಿಲ್ಸು ಅಂದಾಗ ಮೊದಲ ದಿನ ನಾನು ಮಗು ಎಲ್ಲಿದೆ ಅಂತ ಹುಡುಕಿದ್ದೆ, ಬೇಬಿ ಅಂದರೆ ಒಂದು ಸಣ್ಣ ಲೈಟು, ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು, ಅವನೂ ನಕ್ಕಿದ್ದ, ಆಗಿನ್ನೂ ನನ್ನ ಗಂಡನಾಗಿರಲಿಲ್ಲ. ಚೀಟ್ ಮಾಡಿ ಅಂದರೆ ಮೋಸವಲ್ಲ, ಮುಖ ಸ್ವಲ್ಪ ಕ್ಯಾಮೆರಾ ಕಡೆ ತಿರುಗಿಸಿ ಅಂತ. ಸಜೆಷನ್ ಅಂದರೆ ಸಲಹೆಯಲ್ಲ, ಎದುರಿನವರ ಮುಖ ತೆಗೆಯುವಾಗ ಅಂಚಿನಲ್ಲಿ ಬೆನ್ನು ಭುಜ ಮಾತ್ರ ಕಾಣಿಸಿಕೊಂಡು ನಿಲ್ಲುವ ಪ್ರಾಣಿ, ನಮ್ಮ ಮನೆಯಲ್ಲಿ ನಾನು ಅದೇ, ಅತ್ತೆ ನನ್ನ ಭುಜದ ಮೇಲಿಂದ ಮಗನ ಮುಖ ನೋಡುತ್ತಾರೆ, ಒಂಬತ್ತು ವರ್ಷದಿಂದ. ಓಲೆ, ಓಲೆಯ ವಿಷಯ ಯೋಚಿಸು. ಕೆಳಗೆ ಬಿದ್ದ ನಾಯಕಿಯ ಕ್ಲೋಸಪ್ಪನ್ನು ಬೆಳಗ್ಗೆಯೇ ತೆಗೆದಾಗಿದೆ, ಎರಡೂ ಕಿವಿಯಲ್ಲಿ ಓಲೆ ಹೊಳೆಯುತ್ತಿವೆ, ಉರುಳುವಾಗ ಇಲ್ಲದ ಓಲೆ ಬಿದ್ದ ಮೇಲೆ ಬಂದು ಕೂತರೆ ನೋಡುವವರು ಬಿಡುತ್ತಾರೆಯೇ, ಹೋದ ವಾರ ಮಾತಿನ ನಡುವೆ ಕಾಫಿ ಲೋಟ ತಾನಾಗಿ ತುಂಬಿಕೊಂಡದ್ದನ್ನು ಮೊಬೈಲಿನಲ್ಲಿ ಹಂಚಿ ಊರೆಲ್ಲ ನಕ್ಕಿತು, ಚಾನೆಲ್ಲಿನವನು, ನನ್ನ ತಮ್ಮನ ವಯಸ್ಸಿನವನು, ಪಕ್ಕಕ್ಕೆ ಕರೆದ, ಬೇಜಾರ್ ಮಾಡ್ಕೋಬೇಡಿ ಅಕ್ಕ, ಇನ್ನೊಂದ್ಸಲ ಹೀಗಾದ್ರೆ ನಾವು ಬೇರೆಯವರನ್ನ ನೋಡ್ಕೋಬೇಕಾಗುತ್ತೆ. ನೋಡಿಕೋ ಹೋಗು ಅನ್ನಬೇಕಿತ್ತು, ಹಲ್ಲು ಕಿರಿದೆ, ಯಾಕೆಂದರೆ ನಮ್ಮ ಮನೆಯಲ್ಲಿ ಮೂರು ಹೊಟ್ಟೆ ತುಂಬುವುದು ಈ ಎರಡು ಕಣ್ಣಿನಿಂದ. ಅದೂ ಅಲ್ಲದೆ ಎನ್‌ಜಿ ಅನ್ನುವುದರಲ್ಲಿ ಏನಿದೆ, ಎರಡೇ ಅಕ್ಷರ, ಕೆಲಸ ಉಳಿಯುತ್ತದೆ, ಅವಳು ಮತ್ತೆ ಹತ್ತುತ್ತಾಳೆ, ಮತ್ತೆ ಹನ್ನೊಂದು ಮೆಟ್ಟಿಲು, ಅಷ್ಟೇ ತಾನೇ.

ಅಷ್ಟೇ ತಾನೇ ಅಂತಲೇ ಒಂಬತ್ತು ವರ್ಷದ ಹಿಂದೆ ಅವತ್ತೂ ಅಂದುಕೊಂಡದ್ದು. ಒಂದು ಸಿನಿಮಾ, ಗೋಡೌನಿನ ಮಾಳಿಗೆಯಿಂದ ಹಾರುವ ಶಾಟು, ಹೀರೊಗೆ ನನ್ನ ಗಂಡನೇ ಡ್ಯೂಪು, ಕೆಳಗೆ ರಟ್ಟಿನ ಪೆಟ್ಟಿಗೆಗಳ ರಾಶಿ, ಅದರ ಮೇಲೆ ಹಾಸಿಗೆ, ಹಾರಿದ, ಏನು ಹಾರಿದ ಅಂತೀರಿ, ಎರಡೂ ಕೈ ಅಗಲಿಸಿ, ಅವನಿಗೆ ತೂಕವೇ ಇಲ್ಲ ಅನ್ನುವ ಹಾಗೆ, ಆಗ ಕಂಡಿತು, ಬಲಗೈಯಲ್ಲಿ ವಾಚು. ಹೀರೊ ಕಟ್ಟಿದ್ದು ಎಡಗೈಗೆ. ಇವನಿಗೆ ಮೊದಲಿನಿಂದಲೂ ಬಲಗೈಗೆ ಕಟ್ಟುವ ಅಭ್ಯಾಸ, ಕಾಸ್ಟ್ಯೂಮಿನವನು ಕೊಟ್ಟದ್ದನ್ನು ತಾನೇ ಕಟ್ಟಿಕೊಂಡಿದ್ದ, ಹತ್ತುವ ಮುಂಚೆ ಅವನ ಕಾಲರ್ ಸರಿಮಾಡಿದವಳು ನಾನೇ, ಕೈ ನೋಡಲಿಲ್ಲ, ಹೆಂಡತಿಯಾಗಿ ಮುಖ ನೋಡಿದೆ, ಅವನು ಗಾಳಿಯಲ್ಲಿರುವಾಗ ಕಂಟಿನ್ಯುಟಿಯಾಗಿ ಕೈ ನೋಡಿದೆ. ಎನ್‌ಜಿ ಸರ್, ವಾಚು. ನನ್ನದೇ ಗಂಟಲು. ಗಂಡ ಅಂತ ಸುಮ್ಮನಿದ್ದಳು ಅಂತ ಯಾರೂ ಅನ್ನಬಾರದು, ಆ ಕೊಬ್ಬು, ಬೇರೇನಲ್ಲ. ಅವನು ಹಾಸಿಗೆಯಿಂದ ಎದ್ದು ಬಂದು ನಕ್ಕ, ಕಣ್ಣಿಗೆ ಎಣ್ಣೆ ಬಿಟ್ಕೊಂಡೇ ಕೂತಿರ್ತೀಯಲ್ಲ ತಾಯಿ, ವಾಚು ಬಿಚ್ಚಿ ಎಡಗೈಗೆ ಕಟ್ಟಿಕೊಂಡ, ಜಜ್ಜಿಹೋದ ಪೆಟ್ಟಿಗೆಗಳನ್ನೇ ತಿರುಗಿಸಿ ಜೋಡಿಸಿದರು, ಬೆಳಕು ಹೋಗ್ತಿದೆ ಬೇಗ ಬೇಗ, ಎರಡನೇ ಟೇಕು. ಪೆಟ್ಟಿಗೆಗಳು ತಡೆಯಲಿಲ್ಲ. ಬೆನ್ನುಮೂಳೆ ಅಂದರು ಡಾಕ್ಟರು, ಸೊಂಟದ ಕೆಳಗೆ ಇನ್ನು ಏನೂ ನಿರೀಕ್ಷೆ ಇಟ್ಕೋಬೇಡಿ.

ಅದಾದರೂ ಸಹಿಸಬಹುದಿತ್ತು, ಕೆಲಸದಲ್ಲಿ ಆಯಿತು ಅನ್ನಬಹುದಿತ್ತು, ಆದರೆ ಆಮೇಲೆ ಒಂದು ದಿನ ಅವನು ಮಂಚದ ಮೇಲೆ ಮೊಬೈಲಿನಲ್ಲಿ ಆ ಸಿನಿಮಾ ಹುಡುಕಿ ತೆಗೆದ, ಬಾರೇ ಇಲ್ಲಿ, ನಿನ್ ಗಂಡ ಹಾರೋದ್ ನೋಡು, ಬೆರಳಿಟ್ಟು ನಿಲ್ಲಿಸಿದ, ಗಾಳಿಯಲ್ಲಿ ಎರಡೂ ಕೈ ಅಗಲಿಸಿಕೊಂಡು ನಿಂತಿದ್ದಾನೆ, ಬಲಗೈಯಲ್ಲಿ ವಾಚು. ನನ್ ಎನ್‌ಜಿ ಟೇಕೇ ಹಾಕಿದಾರೆ ಕಣೇ! ನಕ್ಕ, ಎಷ್ಟು ನಕ್ಕ, ಅತ್ತೆ ಬಾಗಿಲಿಗೆ ಬಂದು ಏನೋ ಅದು ಅಂದರು, ಏನಿಲ್ಲಮ್ಮ, ನಾನು ನೆಲಕ್ಕೆ ಬಿದ್ದಿಲ್ಲ, ಇವಳ ಕಣ್ಣಿಗೆ ಬಿದ್ದಿದ್ದು. ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟೆ. ಆ ಸಿನಿಮಾದ ಎಡಿಟರ್ ಸಿಕ್ಕಾಗ ಕೇಳಿದೆ, ಕೇಳಬಾರದಿತ್ತು, ಅಯ್ಯೋ ಅಕ್ಕ, ಎರಡನೇದ್ರಲ್ಲಿ ಅವರು ಬಿದ್ದಿದ್ದು ನೋಡೋಕಾಗಲ್ಲ, ಮೊದಲನೇದ್ರಲ್ಲಿ ಎಷ್ಟು ಚೆನ್ನಾಗಿ ಹಾರಿದಾರೆ, ವಾಚ್ ಯಾರಕ್ಕ ನೋಡ್ತಾರೆ? ಯಾರೂ ನೋಡಲಿಲ್ಲ, ಇವತ್ತಿನವರೆಗೂ ಒಬ್ಬರೂ ನೋಡಲಿಲ್ಲ, ನೋಡಿದ್ದು ನಾನೊಬ್ಬಳೇ, ನನ್ನ ಕಣ್ಣಿಗಿಷ್ಟು ಮಣ್ಣು ಹಾಕ — ಸೌಂಡ್? ಓಕೆ ಸರ್. ಏನಮ್ಮ ಕಂಟಿನ್ಯುಟಿ, ನಿಮ್ದು?

ಓಕೆ ಸರ್. ಅಂದೆ, ಅಂದುಬಿಟ್ಟೆ, ಇಪ್ಪತ್ತೆರಡು ವರ್ಷದಲ್ಲಿ ಹೇಳಿದ ಮೊದಲ ಸುಳ್ಳು, ಎಷ್ಟು ಸಲೀಸು, ಕೆಲಸ ಹೋದರೆ ಹೋಗಲಿ, ಈ ಒಂದು ಓಕೆಯಿಂದಾದರೂ ನಾನು ಮನುಷ್ಯಳು ಅನ್ನಿಸುತ್ತಿದೆ, ಪುಸ್ತಕದಲ್ಲಿ ಓಕೆಯಾದ ಟೇಕಿನ ಸಂಖ್ಯೆಗೆ ಸುತ್ತು ಹಾಕುತ್ತಿದ್ದೇನೆ, ಅಷ್ಟರಲ್ಲಿ ರಬ್ಬರ್ ಕಿವಿ ಮುಟ್ಟಿ ನೋಡಿಕೊಳ್ಳುತ್ತಿದ್ದಾಳೆ, ಬೇಡ, ಮುಟ್ಟಬೇಡ, ಸುಮ್ಮನೆ ಹೋಗಿ ನೀರು ಕುಡಿ — ಅಯ್ಯೋ ಸರ್, ಎಡಗಡೆ ಓಲೆನೇ ಹಾಕಿಲ್ಲ ನಾನು, ಮೇಕಪ್ ರೂಮಲ್ಲೇ ಉಳೀತು! ಇರ್ಲಿ ಬಿಡೇ, ಕೂದಲು ಮುಚ್ಚಿತ್ತು, ಕಾಣಲ್ಲ, ಅಂದೆ, ಅಂದ ಮೇಲೆ ಗೊತ್ತಾಯಿತು ಏನು ಅಂದೆ ಅಂತ, ಡೈರೆಕ್ಟರ್ ನನ್ನನ್ನೇ ನೋಡುತ್ತಿದ್ದಾರೆ, ನಿಮಗೆ ಗೊತ್ತಿತ್ತಾ? ಚಾನೆಲ್ಲಿನವನು ಮೊಬೈಲಿನಿಂದ ತಲೆ ಎತ್ತಿದ್ದಾನೆ. ರಬ್ಬರ್ ನನ್ನ ಹತ್ತಿರ ಬಂದು ಕಿವಿಯಲ್ಲಿ ಪಿಸುಗುಡುತ್ತಾಳೆ, ಬೆವರಿನ ವಾಸನೆ, ಪಿಸುಮಾತಿನಲ್ಲೂ ನಗು, ಹೋದ ವಾರ ಆ ಲೋಟಕ್ಕೆ ನಿಮ್ಮನ್ನ ಹೆಂಗೆ ಬೈದ್ರು, ನಾನು ನೋಡ್ಲಿಲ್ವಾ, ನನ್ನಿಂದ ಮತ್ತೆ ಬೈಸ್ಕೋಬೇಡಿ ಅಕ್ಕ, ಒಂದ್ ಟೇಕ್ ತಾನೇ. ಒಂದ್ ಟೇಕ್ ತಾನೇ ಅನ್ನುತ್ತಿದ್ದಾಳೆ, ನನಗೋಸ್ಕರ ಅನ್ನುತ್ತಿದ್ದಾಳೆ, ನಾನು ಅವಳ ತೋಳು ಹಿಡಿದುಕೊಂಡಿದ್ದೇನೆ, ಬಿಡಿ ಅಕ್ಕ, ಓಲೆ ಬಂತು, ಯಾರೋ ಸಿಕ್ಕಿಸಿದರು, ಒನ್ ಮೋರ್, ಎಲ್ಲರೂ ಜಾಗಕ್ಕೆ, ಅವಳು ಹತ್ತುತ್ತಿದ್ದಾಳೆ, ಬಲಗಾಲು ಎಳೆಯುತ್ತಿದ್ದಾಳೆ, ಎಳೆಯುತ್ತಿರುವುದು ನನಗೆ ಮಾತ್ರ ಕಾಣುತ್ತಿದೆ, ಸರ್, ಸರ್ ಅಂದೆ, ಸೈಲೆನ್ಸ್ ಅಂದರು, ರೋಲಿಂಗ್, ಕ್ಲಾಪ್ ಬಿತ್ತು, ಟೇಕ್ ಟೂ, ಟೇಕ್ ಟೂ, ಆಕ್ಷನ್, ಎಡಗಿವಿ ಓಲೆ ಇದೆ, ಬಲಗಿವಿ ಓಲೆ ಇದೆ, ಕೂದಲು ಸರಿ, ಗುಂಡಿ ಸರಿ, ಎಲ್ಲ ಸರಿ ಇದೆ ಸರ್, ಒಂದು ತಪ್ಪೂ ಇಲ್ಲ, ಅವಳು ಕಂಬಿಯಿಂದ ಕೈ ಬಿಟ್ಟಳು, ಕೈ ಗಾಳಿಯಲ್ಲಿ, ಎರಡೂ ಕೈ, ಬಲಗೈ, ಬಲಗೈಯಲ್ಲಿ ವಾಚು, ಗಾಳಿಯಲ್ಲಿ ಬಲಗೈ, ಬಲಗೈಯಲ್ಲಿ ವಾಚು